ಗುರುವಾರ ಆರು ಗಂಟೆಯ ಬೀಗ

ಹಲೋ? ಹಲೋ, ಯಾರು ಮಾತಾಡ್ತಿರೋದು? ಇದು ಯಾವ ನಂಬರು, ನಂಗೆ ಗುರುತೇ ಸಿಗ್ತಿಲ್ಲ. ಪೊಲೀಸ್ ಠಾಣೆಯಿಂದಾನಾ? ಹನ್ನೊಂದಕ್ಕೆ ಬರ್ತೀವಿ ಅಂದಿದ್ರಲ್ಲ, ಇನ್ನೂ ಹತ್ತೂವರೆ.

…

ಲುವಾಮ್? ಯಾವ ಲುವಾಮ್... ಅಯ್ಯೋ, ನೀನಾ! ಎರಡನೇ ಮಹಡಿ ಲುವಾಮ್. ಆಸ್ಪತ್ರೆ ಫೋನಿಂದ ಮಾಡ್ತಿದ್ದೀಯಾ, ಅದಕ್ಕೇ ಗೊತ್ತಾಗ್ಲಿಲ್ಲ. ಹಾಂ, ನಾನೇ, ಗುನ್ವೋರ್. ಹೇಗಿದ್ದಾನೆ ಹಬ್ತೋಮ್? ನಿನ್ನೆ ಸಂಜೆಯಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ ನಂಗೆ, ನಂಬಿದ್ರೆ ನಂಬು. ಕಾಫಿ ಬಗ್ಗಿಸ್ಕೊಂಡು ಕೂತಿದ್ದೀನಿ, ಅದೂ ಆರಿ ನೀರಾಗಿದೆ. ಹೇಳು, ಹೇಗಿದ್ದಾನೆ ನಿನ್ನ ಗಂಡ?

…

ನಾಲ್ಕೂ ಬೆರಳಾ? ನಾಲ್ಕೂ... ಹೆಬ್ಬೆರಳು ಉಳಿದಿದೆ ತಾನೆ? ಮೂಳೆ ಪುಡಿಪುಡಿ ಅಂದ್ರಾ ಡಾಕ್ಟರು? ಎರಡು ಬೆರಳು ತೆಗೀಲೇಬೇಕಾ? ... ಅಳಬೇಡ. ಅಳಬೇಡ ಕಣಮ್ಮ, ನೀನು ಅತ್ರೆ ನಂಗೆ ಏನೂ ಅರ್ಥ ಆಗಲ್ಲ. ಹೌದು, ಬಲಗೈನೇ. ನಾನೇ ನೋಡಿದೆನಲ್ಲ. ಆ ಕೈಯಲ್ಲೇ ಅಲ್ವಾ ಅವನು ಕತ್ತರಿ ಹಿಡಿಯೋದು. ಪರದೆ ಕಾರ್ಖಾನೆಯಲ್ಲಿ ಅವನಷ್ಟು ನೇರವಾಗಿ ಬಟ್ಟೆ ಕತ್ತರಿಸೋರು ಇನ್ನೊಬ್ಬರಿಲ್ಲ ಅಂತ ನಾನೇ ನಾಲ್ಕು ಜನಕ್ಕೆ ಹೇಳಿದ್ದೀನಿ. ನನ್ನ ಅಡುಗೆಮನೆ ಪರದೆ ಅವನು ಕತ್ತರಿಸಿದ್ದೇ. ಇಲ್ಲೇ ಕಣ್ಮುಂದೆ ನೇತಾಡ್ತಿದೆ.

…

ಏನು? ನನ್ನ ಮೇಲಿನ ಮನೆ ಯೆರ್ಕರ್ ಪೊಲೀಸರಿಗೆ ಏನಂದಿದ್ದಾನೆ? ... ಹಬ್ತೋಮೇ ಮೊದಲು ಮೈಮೇಲೆ ಬಿದ್ದ ಅಂತಾನಾ? ಬಟ್ಟೆ ಕದಿಯೋಕೆ ಬಂದಿದ್ದ, ನಾನು ಹಿಡಿದೆ, ಎಳೆದಾಟದಲ್ಲಿ ಕೈ ಚಾದರ ಒತ್ತೋ ಉರುಳೆಗೆ ಸಿಕ್ತು ಅಂತಾನಾ... ಹಾಂ. ಹಾಂ. ನಿಂಗೆ ಯಾರು ಹೇಳಿದ್ದು ಇದನ್ನ? ಪೊಲೀಸರೇ ಆಸ್ಪತ್ರೆಗೆ ಬಂದಿದ್ರಾ? ಅಷ್ಟು ನೋವಲ್ಲಿರೋ ಮನುಷ್ಯನ ಹತ್ರ ಹೇಳಿಕೆ ತಗೊಂಡ್ರಾ? ಇವರಿಗೇನು ತಲೆ ನೆಟ್ಟಗಿದೆಯಾ?

…

ಸರಿ, ಸರಿ, ಕೇಳಿಸ್ಕೊಳ್ತಿದ್ದೀನಿ. ಗುರುವಾರ ಆರು ಗಂಟೆ ಅವನದ್ದೇ ಅಂತ ಹಬ್ತೋಮ್ ಹೇಳ್ತಾನೆ. ಆದ್ರೆ ಸರದಿ ಫಲಕದ ಮೇಲೆ ಯೆರ್ಕರ್ ಬೀಗ ಇತ್ತಲ್ಲ? ಅದನ್ನ ಪೊಲೀಸರು ಕಣ್ಣಾರೆ ನೋಡಿದ್ದಾರೆ. ಫೋಟೋನೂ ತೆಗೆದ್ರು. ಲುವಾಮ್, ಗೋಡೆ ಮೇಲೆ ಆ ಫಲಕ ಯಾಕಿದೆ? ಒಂದೊಂದು ಮನೆಗೂ ನಂಬರ್ ಕೆತ್ತಿದ ಒಂದು ಚಿಕ್ಕ ಬೀಗ ಯಾಕೆ ಕೊಟ್ಟಿದ್ದೀವಿ? ಯಾರ ಬೀಗ ಯಾವ ಗಂಟೆ ಮೇಲಿದೆಯೋ ಆ ಗಂಟೆಗೆ ಒಗೆಯೋ ಕೋಣೆ ಅವರದ್ದು. ಬೇರೆಯವರು ಒಳಗೆ ಕಾಲಿಡಬಾರದು. ನೀನು ಇಲ್ಲಿಗೆ ಬಂದು ಮೂರು ವರ್ಷ ಆಯ್ತು, ಈ ಊರು ನಿಂಗೆ ಗೊತ್ತು. ಈ ಬೂರೋಸ್ ಊರಿನ ಜನ ಹೆಂಡತಿ ಓಡಿಹೋದ್ರೂ ಸಹಿಸ್ತಾರೆ, ಒಗೆಯೋ ಸರದಿ ಕಿತ್ಕೊಂಡ್ರೆ ಸಹಿಸಲ್ಲ.

…

ಗೊತ್ತು, ಗೊತ್ತು. ಹೋದ ವಾರ ಅಲ್ಲಿ ನಿಮ್ಮ ಬೀಗ ಇತ್ತು. ಮೂರು ವರ್ಷದಿಂದ ಇತ್ತು. ಅದಕ್ಕೇ ಅವನು ತಡವಾಗಿ ಬಂದವನು ಫಲಕ ನೋಡ್ದೇನೇ ನೇರ ಒಳಗೆ ಹೋದ, ಅಭ್ಯಾಸಬಲ... ಹಾಂ. ಯೆರ್ಕರ್ ಬಟ್ಟೆ ಯಂತ್ರದಲ್ಲಿ ತಿರುಗಿ ನಿಂತಿತ್ತು, ಹಿಂದಿನವರು ಮರೆತು ಹೋಗಿದ್ದಾರೆ ಅಂದ್ಕೊಂಡು ತೆಗೆದು ಬುಟ್ಟಿಗೆ ಹಾಕ್ತಿದ್ದ. ಅಲ್ವಾ? ಅದನ್ನ ಯಾರಾದ್ರೂ ಮಾಡ್ತಾರೆ. ನಾನೂ ಮಾಡ್ತೀನಿ. ಅದು ತಪ್ಪಲ್ಲ.

…

ನಿಮ್ಮ ಬೀಗ ಯಾರು ತೆಗೆದ್ರು ಅಂತ ನನ್ನನ್ಯಾಕೆ ಕೇಳ್ತೀಯಾ?

…

ಹಾಂ, ಎಲ್ಲಾ ಬೀಗಕ್ಕೂ ಆಗೋ ಕೀಲಿ ಇರೋದು ಅಧ್ಯಕ್ಷೆ ಹತ್ರ ಮಾತ್ರ. ಅಧ್ಯಕ್ಷೆ ನಾನೇ. ಹನ್ನೊಂದು ವರ್ಷದಿಂದ ಈ ವಸತಿ ಸಂಘ ನಡೆಸ್ತಿರೋಳು ನಾನೇ, ನಂಗೆ ಪಾಠ ಹೇಳಬೇಡ. ಧ್ವನಿ ಇಳಿಸು ಮೊದಲು. ಮೂವತ್ತು ವರ್ಷ ಶಾಲೆ ನಡೆಸಿದವಳು ನಾನು, ಯಾರೂ ನನ್ನ ಜೊತೆ ಹೀಗೆ ಮಾತಾಡಿಲ್ಲ.

…

ತೆಗೆದೆ.

…

ಹೌದು, ನಾನೇ ತೆಗೆದೆ! ಮಂಗಳವಾರ ಬೆಳಿಗ್ಗೆ. ಸಂಘದ ತೀರ್ಮಾನ ಅದು, ನನ್ನೊಬ್ಬಳದ್ದಲ್ಲ. ನಿಮಗೆ ಚೀಟಿ ಹಾಕಬೇಕಿತ್ತು, ಹಾಕೋಳಿದ್ದೆ, ಬರೋ ಸೋಮವಾರದ ಸಭೆ ಆದ್ಮೇಲೆ ಹಾಕೋಣ ಅಂತ ಇದ್ದೆ. ಎಲ್ಲಾ ಕ್ರಮಪ್ರಕಾರ ಆಗಬೇಕಲ್ವಾ? ಮೂರು ವಾರದಿಂದ ಒಣಗಿಸೋ ಕೋಣೆಯಿಂದ ಬಟ್ಟೆ ಮಾಯ ಆಗ್ತಿತ್ತು ಲುವಾಮ್. ನಮ್ಮ ಸಂಘದಲ್ಲಿರೋ ಆ ದಂತವೈದ್ಯೆಯ ಟವೆಲ್ಲು, ಯೆರ್ಕರನ ಕೆಲಸದ ಪ್ಯಾಂಟು, ಮೊದಲನೇ ಮಹಡಿಯವರ ಮದುವೆಗೆ ಉಡುಗೊರೆ ಬಂದ ನಾರುಬಟ್ಟೆ ಮೇಜುಹಾಸು. ಎಲ್ಲಾ ಹೋಗಿದ್ದು ಗುರುವಾರ ಸಂಜೆ ಆರರಿಂದ ಎಂಟರೊಳಗೆ. ಒಳಗೆ ಹೋಗೋಕೆ ಎಲ್ರೂ ಬಾಗಿಲಿಗೆ ತಮ್ಮ ಎಲೆಕ್ಟ್ರಾನಿಕ್ ಬಿಲ್ಲೆ ತೋರಿಸ್ಬೇಕಲ್ಲ, ಯಾರು ಯಾವಾಗ ತೋರಿಸಿದ್ರು ಅನ್ನೋ ಪಟ್ಟಿ ತೆಗೆಸಿ ನೋಡ್ದೆ. ಮೂರೂ ಗುರುವಾರ ಆ ಹೊತ್ತಲ್ಲಿ ಒಳಗೆ ಹೋದವರು ಇಬ್ಬರೇ. ಒಂದು ನಿನ್ನ ಗಂಡ.

…

ಇನ್ನೊಂದು ಮೆರ್ತಾ. ಕೆಳಗಿನ ಮನೆ ಮೆರ್ತಾ, ಎಂಬತ್ತಾರು ವರ್ಷದ ಮುದುಕಿ. ಇಗರ್ಜಿ ಹಾಸುಗಳಿಗೆ ಐವತ್ತು ವರ್ಷದಿಂದ ಅವಳೇ ಕಸೂತಿ ಹಾಕೋದು. ಈಗ ಹೇಳು, ಎರಡೇ ಹೆಸರಿದ್ರೆ ನೀನು ಯಾರನ್ನ ಅನುಮಾನಿಸ್ತಿದ್ದೆ?

…

ಇಬ್ಬರನ್ನೂ ಕೇಳ್ತಿದ್ಯಾ. ... ಹೂಂ. ಹೇಳೋಕೆ ಸುಲಭ.

…

ಏನಂದೆ? ಇನ್ನೊಂದ್ಸಲ ಹೇಳು? ... ಕಪ್ಪಗಿದ್ದಾನೆ ಅಂತ ಅವನನ್ನ ಆರಿಸಿದೆನಾ? ನಾನಾ? ಗುನ್ವೋರ್ ಸ್ತೋಲ್‌ಬೆರಿಯಾ? ನಾಲಿಗೆ ಹಿಡಿದು ಮಾತಾಡು ಹುಡುಗಿ! ನೀವು ಈ ಮನೆ ಕೊಳ್ಳೋಕೆ ಬಂದಾಗ ಸಭೆಯಲ್ಲಿ ಏನಾಯ್ತು ಅಂತ ಗೊತ್ತಾ ನಿಂಗೆ? ಎಂಟು ಜನದಲ್ಲಿ ಐದು ಜನ ಬೇಡ ಅಂದ್ರು. ವಾಸನೆ ಬರುತ್ತೆ, ಗದ್ದಲ ಮಾಡ್ತಾರೆ, ಮನೆ ಬೆಲೆ ಬೀಳುತ್ತೆ, ಇನ್ನೂ ಏನೇನೋ. ಮೇಜು ಗುದ್ದಿ ಎದ್ದು ನಿಂತವಳು ಯಾರು? ರಾಜೀನಾಮೆ ಕೊಡ್ತೀನಿ ಅಂದವಳು ಯಾರು? ಒಬ್ಬೊಬ್ಬರ ಬಾಯಿ ಮುಚ್ಚಿಸಿ ನಿಮ್ಮನ್ನ ಒಳಗೆ ಕರ್ಕೊಂಡವಳು ನಾನು. ನಿಮ್ಮ ಮೊದಲ ಕ್ರಿಸ್‌ಮಸ್‌ಗೆ ಕೇಸರಿ ಬನ್ನು ಮಾಡಿ ತಂದು ಕೊಟ್ಟವಳು ನಾನು. ನನ್ನ ಮುಖಕ್ಕೆ ಈ ಮಾತು ಹೇಳೋಕೆ ನಾಚಿಕೆ ಆಗಲ್ವಾ ನಿಂಗೆ?

…

ಮರೆತಿಲ್ಲ ಅಂತೀಯಾ. ಮರೆತಿಲ್ಲ ಅಂದ್ರೆ ಆ ಬಾಯಲ್ಲಿ ಈ ಮಾತು ಹೇಗೆ ಬಂತು? ... ಲುವಾಮ್, ಆ ದಂತವೈದ್ಯೆನೂ ಹೀಗೇ ರಾಗ ಎಳೆದ್ಲು ಹೋದ ಸಭೆಯಲ್ಲಿ. ಹಬ್ತೋಮ್‌ನ ಒಂದ್ಮಾತು ಕೇಳೋಣ್ವಾ, ಕೇಳ್ದೇ ಬೀಗ ತೆಗೆದ್ರೆ ಸರಿಯಾಗುತ್ತಾ ಅಂತ. ನಾನು ಅಂದೆ, ನಂಗೆ ಹೇಳಿಕೊಡ್ತೀಯಾ? ಅವರನ್ನ ಇಲ್ಲಿಗೆ ತಂದವಳೇ ನಾನು, ನಂಗಿಂತ ಅವರ ಪರ ಇರೋರು ಈ ಕಟ್ಟಡದಲ್ಲಿ ಯಾರಿದ್ದಾರೆ, ನಾನೇ ಅನುಮಾನ ಪಡ್ತಿದ್ದೀನಿ ಅಂದ್ರೆ ಯೋಚನೆ ಮಾಡಿ ಅಂದೆ. ಎಲ್ರೂ ಕೈ ಎತ್ತಿ ಒಪ್ಪಿದ್ರು. ಅವಳು ನಿಮ್ಮನ್ನ ಬೇಡ ಅಂದ ಐದು ಜನದಲ್ಲಿ ಒಬ್ಬಳು, ಗೊತ್ತಾ? ಅವಳಿಗೆ ಒಂದ್ಮಾತು ಕೇಳೋ ಬುದ್ಧಿ ಬಂತು, ನಂಗೆ... ಬಿಡು.

…

ಏನಿಲ್ಲ. ಏನೋ ಹೇಳೋಕೆ ಹೋದೆ, ಬಿಟ್ಟೆ.

…

ಯೆರ್ಕರ್‌ಗಾ? ಯೆರ್ಕರ್‌ಗೆ ನಾನೇನು ಹೇಳ್ಲಿ? ... ಅವನಿಗೆ ಆ ಹೊತ್ತು ಬೇಕಿತ್ತು, ನಾಲ್ಕು ತಿಂಗಳಿಂದ ಪೀಡಿಸ್ತಿದ್ದ, ಜಾಗ ಖಾಲಿ ಆಯ್ತು, ಕೊಟ್ಟೆ. ಅಷ್ಟೇ.

…

ಅಷ್ಟೇ ಅಂದೆನಲ್ಲ.

…

ಅವನು ಕೇಳ್ದ, ಯಾಕೆ ಖಾಲಿ ಆಯ್ತು ಅಂತ. ಮೆಟ್ಟಿಲ ಹತ್ರ ನಿಂತು ಕೇಳ್ದ. ನಾನು ಅಂದೆ, ನಿನ್ನ ಪ್ಯಾಂಟು ಯಾರು ತಗೊಂಡ್ರು ಅಂತ ನಂಗೆ ಗೊತ್ತು, ಅವರ ಬೀಗ ತೆಗೆದಿದ್ದೀನಿ, ಹೆಸರು ಹೇಳಲ್ಲ. ಹೆಸರು ಹೇಳ್ಲಿಲ್ಲ ಲುವಾಮ್! ಆಣೆಗೂ ಹೇಳ್ಲಿಲ್ಲ! ... ಹಾಂ, ಫಲಕ ನೋಡಿದ್ರೆ ಯಾರದ್ದು ಖಾಲಿ ಅಂತ ಗೊತ್ತಾಗುತ್ತೆ, ಹೌದು. ಮತ್ತೆ... ಮತ್ತೆ ಇನ್ನೊಂದು ಮಾತು ಅಂದೆ. ನಾನು ಅಂಥವರ ಬಗ್ಗೆ ಸುಮ್ಮಸುಮ್ಮನೆ ಹೇಳೋಳಲ್ಲ ಅಂತ ನಿಂಗೆ ಗೊತ್ತಲ್ಲ ಯೆರ್ಕರ್, ಅಂದೆ. ಅದಕ್ಕವನು ನಕ್ಕ. ಹಲ್ಲು ಕಿರಿದು ನಕ್ಕ. ನೀವೇ ಹೇಳಿದ್ಮೇಲೆ ಮುಗೀತು ಬಿಡಿ ಗುನ್ವೋರ್, ಅಂದ.

…

ಬೈಯಿ. ಬೈಯಿ, ಎಷ್ಟು ಬೇಕೋ ಅಷ್ಟು ಬೈಯಿ. ನಿನ್ನ ಭಾಷೇಲೇ ಬೈಯಿ, ನಂಗೆ ಅರ್ಥ ಆಗ್ದಿದ್ರೂ ಆಗುತ್ತೆ.

…

ಮುಗೀತಾ? ಈಗ ನನ್ನ ಮಾತು ಕೇಳು. ರಾತ್ರಿ ಪೊಲೀಸರು ಹಿಡ್ಕೊಂಡು ಹೋದ ಆ ಯೆರ್ಕರ್‌ನ ಬೆಳಿಗ್ಗೆ ಎಂಟು ಗಂಟೆಗೆ ಬಿಟ್ಟಿದ್ದಾರೆ. ಒಂಬತ್ತಕ್ಕೆ ನನ್ನ ಬಾಗಿಲಲ್ಲಿ ನಿಂತಿದ್ದ. ಮರದ ದಿಮ್ಮಿ ಲಾರಿ ಓಡಿಸೋನು, ಅವನ ಕೈ ನೋಡಿದ್ದೀಯಲ್ಲ? ನನ್ನ ಮಣಿಕಟ್ಟು ಹಿಡಿದು ತಿರುಚ್ದ. ನೀವು ಹೇಳಿದ್ದಕ್ಕೆ ಮಾಡ್ದೆ, ನಾನು ಜೈಲಿಗೆ ಹೋದ್ರೆ ನಿಮ್ಮನ್ನೂ ಕರ್ಕೊಂಡೇ ಹೋಗೋದು ಅಂದ. ನಾನು ಬಿಡೋ ಅಂದೆ. ಬಿಟ್ಟ, ಬಿಟ್ಟು ನಡುಮನೆ ಕನ್ನಡಿಗೆ ಗುದ್ದಿದ. ನನ್ನ ಅಮ್ಮನ ಕನ್ನಡಿ. ನೆಲದ ತುಂಬಾ ಗಾಜು, ಇನ್ನೂ ಗುಡಿಸಿಲ್ಲ. ಕೈಯೆಲ್ಲಾ ರಕ್ತ ಸುರೀತಿತ್ತು, ಅದೇ ಕೈಯನ್ನ ನನ್ನ ಮುಖದ ಹತ್ರ ತಂದು ಬೆರಳು ಆಡಿಸಿ ತೋರಿಸ್ದ. ನನ್ನ ಬೆರಳು ನೆಟ್ಟಗಿದೆ ನೋಡಿ ಅಂತ. ಈಗ್ಲೂ ಮೇಲೆ ಓಡಾಡ್ತಿದ್ದಾನೆ, ಕೇಳಿಸ್ತಿದೆಯಾ? ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಬೂಟು ಹಾಕ್ಕೊಂಡೇ ಓಡಾಡ್ತಿದ್ದಾನೆ ಮೃಗ.

…

ಹೆದರಿಕೆಯಾ? ಹೆದರಿಕೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅವನೊಬ್ಬನ ಹೆದರಿಕೆಯಾಗಿದ್ರೆ ಎಷ್ಟೋ ವಾಸಿ ಇತ್ತು.

…

ಸಂಜೆಯದ್ದಾ? ನಾನು ಯಾವಾಗ ಕೆಳಗೆ ಬಂದೆ ಅಂತ ಕೇಳ್ತಿದ್ದೀಯಾ? ... ಕಿರುಚಿದ್ದು ಕೇಳಿಸ್ತು. ಕಟ್ಟಡಕ್ಕೆಲ್ಲಾ ಕೇಳಿಸ್ತು, ಬಾಗಿಲು ತೆಗೆದವರು ಯಾರೂ ಇಲ್ಲ. ನಾನು ಇಳಿದು ಹೋದೆ. ಒಗೆಯೋ ಕೋಣೆ ಬಾಗಿಲು ಅರ್ಧ ತೆರೆದಿತ್ತು. ಯೆರ್ಕರ್ ಹಬ್ತೋಮ್‌ನ ಕತ್ತು ಹಿಡಿದು ಆ ಹಳೇ ಉರುಳೆ ಯಂತ್ರದ ಮೇಲೆ ಬಗ್ಗಿಸಿದ್ದ. ಚಾದರ ಒತ್ತೋ ಯಂತ್ರ, ಎರಡು ಮರದ ಉರುಳೆ, ನಡುವೆ ಒಂದು ಕಾಗದ ತೂರೋಷ್ಟು ಜಾಗ ಇಲ್ಲ. ಕೈ ಒಳಗೆ ಹೋಗ್ದ ಹಾಗೆ ತಡೆಯೋ ಸರಳು ಯಾವಾಗ್ಲೋ ಮುರಿದು ಬಿದ್ದಿದೆ. ನಿನ್ನ ಗಂಡನ ಕೈ ಬೆರಳ ಬುಡದವರೆಗೆ ಒಳಗೆ ಹೋಗಿತ್ತು. ಯೆರ್ಕರ್ ಇನ್ನೊಂದು ಕೈ ಗುಂಡಿ ಮೇಲೆ ಇಟ್ಟು ಒತ್ತಿ ಹಿಡಿದಿದ್ದ. ಎಲ್ಲೋ ನನ್ನ ಪ್ಯಾಂಟು, ಎಲ್ಲೋ ನನ್ನ ಪ್ಯಾಂಟು ಅಂತ ಒಂದೊಂದು ಮಾತಿಗೂ ಅವನ ತಲೆಯನ್ನ ಯಂತ್ರಕ್ಕೆ ಜಜ್ಜುತ್ತಿದ್ದ. ಮೂಳೆ ಮುರಿಯೋ ಸದ್ದು... ಒಣ ಪುಳ್ಳೆ ಮುರಿದ ಹಾಗೆ ಕೇಳ್ತು ಲುವಾಮ್. ನಿಂಗೆ ಹೇಳಬಾರದು ಇದನ್ನೆಲ್ಲಾ. ನೀನೇ ಕೇಳ್ದೆ.

…

ನಿಲ್ಲಿಸಿದೆ. ನಾನೇ ಅಲ್ವಾ ಹಿಂದಕ್ಕೆ ತಿರುಗಿಸೋ ಗುಂಡಿ ಒತ್ತಿದ್ದು? ನಾನೇ ಅಲ್ವಾ ಅವನ ಕೈ ಬಿಡಿಸಿದ್ದು?

…

ಎಷ್ಟು ಹೊತ್ತಿಗೆ ಅಂದ್ರೆ? ... ಬಾಗಿಲಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆ ಅಂತಾನಾ? ಹಬ್ತೋಮ್ ನನ್ನನ್ನ ನೋಡಿದ್ನಾ? ... ನೋಡಿದ್ನಾ ಅವನು?

…

ಓ.

…

ಸುಳ್ಳು ಹೇಳಲ್ಲ ನಿಂಗೆ. ನಿಂತಿದ್ದೆ. ಹತ್ತು ಎಣಿಸೋಷ್ಟು ಹೊತ್ತು, ಇಪ್ಪತ್ತಿರಬಹುದು. ಅವನು ನನ್ನ ಕಡೆ ನೋಡ್ದ, ಗುನ್ವೋರ್ ಅಂತ ಹೆಸರು ಹಿಡಿದು ಕೂಗ್ದ. ನನ್ನ ತಲೆಗೆ ಮೊದಲು ಬಂದಿದ್ದೇನು ಗೊತ್ತಾ? ಅಂತೂ ಸಿಕ್ಕಿಬಿದ್ನಲ್ಲ ಅಂತ. ಅದೇ ಬಂತು. ಮನುಷ್ಯನ ಕೈ ಜಜ್ಜಿಹೋಗ್ತಿದೆ, ನಂಗೆ ಒಂಥರಾ ನೆಮ್ಮದಿ ಆಯ್ತು, ನಾನು ಹೇಳಿದ್ದೇ ಸರಿ ಅಂತ. ನನ್ನ ಹೊಟ್ಟೆಯಲ್ಲಿ ಇಂಥದ್ದೊಂದು ಇದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೆ. ಥೂ.

…

ಹಾಂ, ಆಮೇಲೆ ಆಂಬುಲೆನ್ಸ್ ಬಂತು, ನೀನು ಹತ್ತಿದೆ, ಯೆರ್ಕರ್ ಮೇಲೆ ಹೋದ. ನಾನೊಬ್ಬಳೇ ಅಲ್ಲಿ. ನೆಲದ ಮೇಲೆ ರಕ್ತ, ಉರುಳೆ ಮೇಲೆ ಚರ್ಮ, ಗೋಡೆ ಮೇಲೆ ನಾವು ಬರೆದು ಹಾಕಿರೋ ಹಲಗೆ: ಮುಂದಿನವರಿಗಾಗಿ ಸ್ವಚ್ಛವಾಗಿ ಬಿಡಿ. ಎಂಟು ಗಂಟೆಗೆ ದಂತವೈದ್ಯೆ ಸರದಿ ಇತ್ತು. ನಾನು ಬಕೆಟ್ ತಂದು ಒರೆಸ್ದೆ. ಬಿಸಿ ನೀರು, ಸೋಪು ಹಾಕಿ, ಉರುಳೆನೂ ಉಜ್ಜಿದೆ. ಪೊಲೀಸರು ಬರೋ ಹೊತ್ತಿಗೆ ಥಳಥಳ ಅಂತಿತ್ತು. ಯಾರು ಒರೆಸಿದ್ದು ಅಂತ ಒಬ್ಬ ಬಾಯಿ ಬಿಟ್ಕೊಂಡು ನನ್ನನ್ನೇ ನೋಡ್ದ. ನಂಗೆ ಆಗ್ಲೂ ಹೊಳೀಲಿಲ್ಲ ನಾನೇನು ಮಾಡ್ದೆ ಅಂತ. ಸರದಿ ಇತ್ತಲ್ಲ, ಕೊಳಕು ಬಿಟ್ಟು ಹೋಗೋದಾ?

…

ಬೇಕಂತ ಮಾಡ್ಲಿಲ್ಲ ಲುವಾಮ್. ಸಾಕ್ಷಿ ಅಳಿಸಬೇಕು ಅಂತಲ್ಲ. ಅಭ್ಯಾಸ. ಕೈ ತಾನೇ ಹೋಯ್ತು.

…

ಬಟ್ಟೆ? ಕಳೆದುಹೋದ ಬಟ್ಟೆ ಸಿಕ್ತಾ ಅಂತಾನಾ? ... ಅದನ್ಯಾಕೆ ಈಗ.

…

ಸಿಕ್ತು.

…

ಮೆರ್ತಾ ಮನೇಲಿ. ಕಾಫಿ ಕುಡಿಯೋಕೆ ಹೋಗಿದ್ದೆ. ಮೇಜುಹಾಸು ತಗೊಳ್ಳೇ ಅಂದ್ಲು, ಬೀರು ತೆಗೆದೆ. ಎಲ್ಲಾ ಅಲ್ಲೇ ಇತ್ತು. ದಂತವೈದ್ಯೆ ಟವೆಲ್ಲು, ಮದುವೆ ನಾರುಬಟ್ಟೆ, ಯೆರ್ಕರನ ಪ್ಯಾಂಟು. ಒತ್ತಿ, ಮಡಿಸಿ, ನೀಲಿ ರಿಬ್ಬನ್ ಕಟ್ಟಿ ಇಟ್ಟಿದ್ಲು. ಇದೆಲ್ಲಾ ಯಾರದ್ದು ಮೆರ್ತಾ ಅಂದೆ. ಮಗಳ ಮದುವೆಗೆ ಜೋಡಿಸ್ತಿದ್ದೀನಿ ಅಂದ್ಲು. ಅವಳಿಗೆ ಮಗಳೇ ಇಲ್ಲ. ತಲೆ ಕೆಟ್ಟಿದೆ ಪಾಪ, ಮರೆವು, ಅವಳು ಕಳ್ಳಿ ಅಲ್ಲ, ಅವಳಿಗೆ ಏನೂ ಗೊತ್ತಾಗಲ್ಲ.

…

ಯಾವಾಗ?

…

ಬುಧವಾರ.

…

ಹೌದು, ಬುಧವಾರ. ಇದಾಗೋ ಹಿಂದಿನ ದಿನ. ... ಕಿರುಚಬೇಡ. ಕಿರುಚಬೇಡ, ಅದು ಆಸ್ಪತ್ರೆ! ನಂಗೆ ಗೊತ್ತಿತ್ತು, ಆಯ್ತಾ? ಒಂದು ದಿನ ಮೊದಲೇ ಗೊತ್ತಿತ್ತು. ಕೆಳಗೆ ಹೋಗಿ ನಿಮ್ಮ ಬೀಗ ವಾಪಸ್ ಹಾಕೋಕೆ ಎರಡು ನಿಮಿಷ ಸಾಕಿತ್ತು. ಯೆರ್ಕರ್‌ಗೆ ಹೇಳೋಕೆ ಒಂದು ನಿಮಿಷ. ಹೋಗ್ಲಿಲ್ಲ. ಸಭೆಯಲ್ಲಿ ಅಷ್ಟು ಜಂಬದಿಂದ ಮಾತಾಡಿದ್ದೆನಲ್ಲ, ಈಗ ಹೋಗಿ ತಪ್ಪಾಯ್ತು ಅಂದ್ರೆ ಆ ದಂತವೈದ್ಯೆ ಮುಖ ನೋಡಬೇಕು. ಸೋಮವಾರ ಸಭೆಯಲ್ಲಿ ಮೆಲ್ಲಗೆ ಹೇಳಿದ್ರಾಯ್ತು, ನಾಲ್ಕೈದು ದಿನದಲ್ಲಿ ಏನು ಆಕಾಶ ಕಳಚಿ ಬೀಳುತ್ತೆ ಅಂದ್ಕೊಂಡೆ. ಹಬ್ತೋಮ್ ಒಳ್ಳೆಯವನು, ಒಂದು ವಾರ ಒಗೀದಿದ್ರೆ ತಪ್ಪು ತಿಳಿಯಲ್ಲ ಅಂದ್ಕೊಂಡೆ. ನಂಗೆ ಅಷ್ಟು ಮಾಡೋ ಹಕ್ಕಿದೆ ಅನ್ನಿಸ್ತು. ನಿಮಗೆ ಅಷ್ಟೆಲ್ಲಾ ಮಾಡಿದ್ದೆನಲ್ಲ.

…

ಲುವಾಮ್? ... ಇದ್ದೀಯಾ?

…

ಪೊಲೀಸರಿಗೆ. ಹಾಂ. ನೀನು ಕೇಳೋದು ನ್ಯಾಯವೇ. ನಾನು ಹೇಳ್ದಿದ್ರೆ ಹಬ್ತೋಮ್ ಕಳ್ಳ ಆಗ್ತಾನೆ, ಕೈನೂ ಹೋಯ್ತು, ಹೆಸರೂ ಹೋಯ್ತು. ಕೇಸು ಬಿದ್ರೆ ಕಾರ್ಖಾನೆಯವರು ಇಟ್ಕೊಳ್ಳಲ್ಲ, ಈ ದೇಶದಲ್ಲಿರೋ ನಿಮ್ಮ ಪರವಾನಗಿಗೂ ಕಲ್ಲು ಬೀಳುತ್ತೆ. ಮುಂದಿನ ತಿಂಗಳೇ ಅಲ್ವಾ ಅದು ನವೀಕರಣ ಆಗಬೇಕಾಗಿರೋದು? ನಂಗೆ ಗೊತ್ತು, ಆ ಅರ್ಜಿ ತುಂಬಿಕೊಟ್ಟವಳೇ ನಾನು.

…

ಹೇಳ್ತೀನಿ.

…

ಹೇಳ್ತೀನಿ ಅಂದೆ. ನಿಮ್ಮ ಬೀಗ ನಾನು ತೆಗೆದೆ ಅಂತ, ಯೆರ್ಕರ್‌ಗೆ ನಾನು ಹೇಳ್ದೆ ಅಂತ, ಮೆರ್ತಾ ವಿಷಯ ಬುಧವಾರವೇ ಗೊತ್ತಿತ್ತು ಅಂತ. ಮೂರೂ ಹೇಳ್ತೀನಿ. ಅಧ್ಯಕ್ಷೆ ಕುರ್ಚಿ ಹೋಗುತ್ತೆ, ಹೋಗ್ಲಿ. ಯೆರ್ಕರ್ ಬಂದು ನನ್ನ ಕತ್ತು ಹಿಸುಕ್ತಾನೆ, ಹಿಸುಕ್ಲಿ. ನಾನು ಬೇರೆ ಏನಾದ್ರೂ ಆಗಿರಬಹುದು, ಸುಳ್ಳುಬುರುಕಿ ಅಲ್ಲ. ... ಅಬ್ಬಾ. ಹೇಳಿದ್ಮೇಲೆ ಎದೆ ಎಷ್ಟು ಹಗುರ ಆಯ್ತು ಗೊತ್ತಾ? ನಿನ್ನೆಯಿಂದ ಒಂದು ಉಸಿರು ಸರಿಯಾಗಿ ಎಳೆದಿರ್ಲಿಲ್ಲ ನಾನು. ಥ್ಯಾಂಕ್ಸ್ ಕಣಮ್ಮ. ನೀನು ಫೋನ್ ಮಾಡಿದ್ದು ಎಷ್ಟು ಒಳ್ಳೇದಾಯ್ತು.

…

ನಂಬಿಕೆ ಬರ್ತಿಲ್ವಾ? ನಂಬಬೇಡ, ನಿನ್ನ ಜಾಗದಲ್ಲಿ ನಾನಿದ್ರೂ... ತಾಳು. ಬಾಗಿಲು ಬಡೀತಿದ್ದಾರೆ. ಅವರೇ ಇರಬೇಕು, ಹತ್ತು ನಿಮಿಷ ಮೊದಲೇ ಬಂದ್ರು. ನೋಡು, ಒಂದು ಕೆಲಸ ಮಾಡ್ತೀನಿ. ಫೋನ್ ಆಫ್ ಮಾಡಲ್ಲ. ಇಲ್ಲೇ ಮೇಜಿನ ಮೇಲೆ ಮಗುಚಿ ಇಡ್ತೀನಿ. ನಿನ್ನ ಕಿವಿಯಾರೆ ಕೇಳು. ಹಬ್ತೋಮ್‌ಗೂ ಕೇಳಿಸು, ಎಚ್ಚರ ಇದ್ರೆ. ಇಟ್ಟೆ.

…

ಬನ್ನಿ, ಬನ್ನಿ ಸರ್. ನೀವೂ ಬನ್ನಿ ಮೇಡಂ. ಬೇಡ ಬೇಡ, ಶೂ ಬಿಚ್ಚಬೇಡಿ, ನೆಲದ ಮೇಲೆ ಗಾಜಿದೆ. ... ಇದಾ? ಏನಿಲ್ಲ, ಬೆಳಿಗ್ಗೆ ಕನ್ನಡಿ ಒರೆಸೋಕೆ ಹೋಗಿ ನಾನೇ ಕೈ ಜಾರಿಸ್ಕೊಂಡೆ. ವಯಸ್ಸಾಯ್ತು ನೋಡಿ. ಕೂತ್ಕೊಳ್ಳಿ. ಕಾಫಿ?

…

ಹಾಂ, ಕೇಳಿ. ನಾನೂ ನಿಮಗೆ ಹೇಳಬೇಕು ಅಂತಾನೇ ಕಾಯ್ತಿದ್ದೆ. ಆದ್ರೆ ಮೊದಲು ಒಂದು ವಿಷಯ ಬರ್ಕೊಳ್ಳಿ. ಆ ಕುಟುಂಬಾನ ಈ ಕಟ್ಟಡಕ್ಕೆ ತಂದವಳು ನಾನು. ಎಲ್ರೂ ಬೇಡ ಅಂದಾಗ ನಾನೊಬ್ಬಳೇ ನಿಂತೆ. ಅವರ ಅರ್ಜಿ ಕಾಗದ ತುಂಬಿಕೊಟ್ಟಿದ್ದೂ ನಾನೇ. ಬರ್ಕೊಂಡ್ರಾ? ಯಾಕೆ ಹೇಳ್ತಿದ್ದೀನಿ ಅಂದ್ರೆ, ನನ್ನ ಮಾತಲ್ಲಿ ಪಕ್ಷಪಾತ ಇದೆ ಅಂತ ಯಾರೂ ಅನ್ನಬಾರದು ನೋಡಿ.

…

ಥ್ಯಾಂಕ್ಸ್ ಮೇಡಂ. ಎಲ್ರೂ ಹಾಗಿದ್ರೆ ಅಂತೀರಾ? ದೊಡ್ಡ ಮಾತು. ನಮ್ಮ ಕೈಲಾದ್ದು ಮಾಡೋದು, ಅಷ್ಟೇ.

…

ಫಲಕಾನಾ? ಹೌದು, ಗುರುವಾರ ಆರಕ್ಕೆ ಯೆರ್ಕರ್ ಬೀಗ. ... ಅದಕ್ಕೆ ಮೊದಲಾ? ಮೊದಲು ಯಾರದ್ದಿತ್ತು ಅಂದ್ರೆ... ಮೊದಲು...

…

ಖಾಲಿ ಇತ್ತು.

…

ಖಾಲಿ ಇತ್ತು ಅಂತ ಕಾಣುತ್ತೆ. ಇತ್ತು. ಹಬ್ತೋಮ್ ಬಹುಶಃ ತೆಗೆದು ಬೇರೆ ಹೊತ್ತಿಗೆ ಹಾಕೋಣ ಅಂತ ಇದ್ದಿರಬೇಕು, ಆಮೇಲೆ ಮರೆತಿರಬೇಕು. ... ನಾನಾ? ಇಲ್ಲ ಸರ್, ನಾನು ಫಲಕ ಮುಟ್ಟೋದೇ ಇಲ್ಲ. ಅವರವರ ಬೀಗ, ಅವರವರ ಜವಾಬ್ದಾರಿ.

…

ಕಳವಿನ ಬಗ್ಗೆ ನಂಗೆ ಏನೂ ಗೊತ್ತಿಲ್ಲ. ಯಾರ ಮೇಲೂ ಸುಮ್ಮನೆ ಬೆರಳು ತೋರಿಸೋಳಲ್ಲ ನಾನು. ... ಕೆಳಗಿನ ಮನೆ ಮೆರ್ತಾ? ಅವಳ ಹೆಸರು ಯಾಕೆ ಬಂತು? ಪಟ್ಟಿಯಲ್ಲಿತ್ತಾ? ಅಯ್ಯೋ, ಎಂಬತ್ತಾರು ವರ್ಷ, ಇಗರ್ಜಿಗೆ ನಡೆದುಕೊಳ್ಳೋ ಹೆಂಗಸು. ಅವಳಿಗೆ ತೊಂದರೆ ಕೊಡಬೇಡಿ ದಯವಿಟ್ಟು.

…

ಯಾರು ಮೊದಲು ಕೈ ಮಾಡಿದ್ರು? ನಾನು ಹೋಗೋ ಹೊತ್ತಿಗೆ ಇಬ್ಬರೂ ಕಚ್ಚಾಡ್ತಿದ್ರು. ಕತ್ತು ಹಿಡಿದಿದ್ನಾ? ನಾನು ನೋಡ್ಲಿಲ್ಲ, ಕಾಲು ನಿಮಿಷದಲ್ಲಿ ಯಂತ್ರ ನಿಲ್ಲಿಸ್ದೆ. ಹಬ್ತೋಮ್ ಒಳ್ಳೆಯವನೇ ಸರ್. ಸ್ವಲ್ಪ ಸಿಟ್ಟು ಜಾಸ್ತಿ. ಅವರ ಕಡೆ ಯುದ್ಧಗಿದ್ಧ ನೋಡಿರ್ತಾರಲ್ಲ, ರಕ್ತದಲ್ಲೇ ಸ್ವಲ್ಪ... ನೀವು ತಪ್ಪು ತಿಳೀಬೇಡಿ. ಬೇರೆ ಯಾರಾದ್ರೂ ಹೇಳಿದ್ರೆ ನಾನೇ ಅವರ ಕಪಾಳಕ್ಕೆ ಬಾರಿಸ್ತಿದ್ದೆ.

…

ಸಹಿ? ಎಲ್ಲಿ, ಇಲ್ಲಿಯಾ? ... ಆಯ್ತು. ಕೆಳಗೆ ಯಂತ್ರ ನೋಡಬೇಕಾ? ಹೋಗಿ, ಇಗೋ ಕೀಲಿ. ಮೆಟ್ಟಿಲ ಕೆಳಗೆ ಎಡಗಡೆ. ನಾನು ಗಾಜು ಗುಡಿಸಿ ಬರ್ತೀನಿ.

…

ಹಲೋ. ... ಲುವಾಮ್? ಇದ್ದೀಯಾ ಇನ್ನೂ? ಇದ್ದೀಯಾ, ಉಸಿರು ಕೇಳಿಸ್ತಿದೆ. ಎಲ್ಲಾ ಕೇಳಿಸ್ತಾ? ... ಮೊದಲಿಂದಾನಾ?

…

ನೋಡು, ಹೇಳ್ಬೇಕು ಅಂತಾನೇ ಬಾಗಿಲು ತೆಗೆದೆ. ಕರ್ತನಾಣೆ. ಅವರು ಒಳಗೆ ಬಂದ್ರು, ಆ ಮೇಡಂ ನನ್ನ ಕಡೆ ಅಷ್ಟು ಗೌರವದಿಂದ ನೋಡಿದ್ಲು, ಬಾಯಿ ತಾನೇ ತಿರುಗಿಬಿಡ್ತು. ನಿಂಗೆ ಹೇಳ್ತೀನಿ ಅಂದಾಗ್ಲೇ ನಂಗೆ ಎಲ್ಲಾ ಹೇಳಿ ಮುಗಿಸಿದ ಹಾಗೆ ಆಗಿಹೋಗಿತ್ತು. ಅರ್ಥ ಆಗ್ತಿದೆಯಾ? ನೀನೇನೂ ಹೆದರಬೇಡ. ವಕೀಲರನ್ನ ನಾನು ಗೊತ್ತು ಮಾಡ್ತೀನಿ. ಮನೆಗೆ ಬರೋ ಹೊತ್ತಿಗೆ ಸೂಪು ಮಾಡಿ ಇಟ್ಟಿರ್ತೀನಿ, ನೀನು ಒಲೆ ಹಚ್ಚೋದೇ ಬೇಡ. ಹಬ್ತೋಮ್‌ಗೆ ಎಡಗೈಯಲ್ಲಿ ಕತ್ತರಿ ಹಿಡಿಯೋದು ಕಲಿಸೋ ಜಾಗ ಇರುತ್ತೆ, ನಾನೇ ಕರ್ಕೊಂಡು ಹೋಗ್ತೀನಿ, ವಾರಕ್ಕೆ ಎರಡು ಸಲ, ಮೂರು ಸಲ, ಎಷ್ಟು ಸಲ ಬೇಕಾದ್ರೂ...

…

ಮಾತಾಡೇ. ಬೈಯಿ, ಶಾಪ ಹಾಕು, ಏನಾದ್ರೂ ಮಾಡು, ಹೀಗೆ ಸುಮ್ಮನೆ ಉಸಿರಾಡಬೇಡ ನನ್ನ ಕಿವಿಯಲ್ಲಿ!

…

ನಾನು ಕೆಟ್ಟವಳಲ್ಲ ಲುವಾಮ್. ನಿಂಗೆ ಗೊತ್ತಲ್ಲ ಅದು? ಈ ಊರಲ್ಲಿ ಬೇರೆ ಯಾರಿಗೆ ಗೊತ್ತಿಲ್ದಿದ್ರೂ ನಿಂಗೆ ಗೊತ್ತು. ನಿಂಗೋಸ್ಕರ ಎಷ್ಟು ಮಾಡಿದ್ದೀನಿ ಅಂತ ನೀನೇ ಹೇಳು. ಗುನ್ವೋರ್ ಒಳ್ಳೆಯವಳು ಅಂತ ಒಂದು ಸಲ ಹೇಳು. ಬೇರೆ ಏನೂ ಬೇಡ ನಂಗೆ. ಪೂರ್ತಿ ಹೇಳೋಕಾಗ್ದಿದ್ರೆ ಹೂಂ ಅನ್ನು ಸಾಕು.

…

ಹೂಂ ಅನ್ನೇ! ... ಲುವಾಮ್? ... ಹಲೋ? ಹಲೋ...